ಮನೆಗೊಂದು ಕೋಟು

"ಈ ಚಳಿಗಾಲದಲ್ಲಿ ಹೀಟರ್ ಅನ್ನೋ ಮಾತನ್ನ ಈ ಮನೇಲಿ ಯಾರೂ ಎತ್ತಕೂಡದು!"

ಟೈಲರಣ್ಣ ಸ್ಟೂಲಿನ ಮೇಲೆ ನಿಂತು ಈ ಘೋಷಣೆ ಹೊರಡಿಸಿದ. ಕೊರಳಲ್ಲಿ ಅಳತೆ ಟೇಪು, ಕಿವಿಯ ಸಂದಿಯಲ್ಲಿ ಸೀಮೆಸುಣ್ಣ, ಮೈಮೇಲೆ ಎರಡು ಸ್ವೆಟರು, ಅದರ ಮೇಲೊಂದು ಕಂಬಳಿ. ಘೋಷಣೆಯ ಜೊತೆಗೆ ಅವನ ಬಾಯಿಂದ ಹೊಗೆಯೂ ಹೊರಟಿತು. ಮನೆಯೊಳಗೆ ನಿಂತು ಮಾತಾಡಿದರೂ ಬಾಯಿಂದ ಹೊಗೆ ಬರುತ್ತದೆಂದರೆ ಆ ಮನೆಯ ಚಳಿ ಎಂಥದೆಂದು ನೀವೇ ಲೆಕ್ಕ ಹಾಕಿಕೊಳ್ಳಿ.

"ಎತ್ತೋದಿಲ್ಲ ಬಿಡ್ರೀ," ಎಂದಳು ಹೆಂಡತಿ, ಒಲೆಯ ಮುಂದಿನಿಂದ ಅಲುಗದೆ. "ಏನನ್ನಾದರೂ ಎತ್ತೋಕೆ ಕೈಯಲ್ಲಿ ಜೀವ ಎಲ್ಲಿದೆ? ಮರಗಟ್ಟಿ ಹೋಗಿದೆ."

ಹಿಂದಿನ ಚಳಿಗಾಲದಲ್ಲಿ ಆ ಮನೆಯಲ್ಲೂ ಒಂದು ಹೀಟರ್ ಇತ್ತು. ಅದು ಕರೆಂಟು ಕುಡಿಯುತ್ತಿದ್ದ ಪರಿ ನೋಡಿದರೆ ಮನೆಯವರಿಗಿಂತ ಅದಕ್ಕೇ ಚಳಿ ಹೆಚ್ಚೇನೋ ಅನ್ನಿಸುತ್ತಿತ್ತು! ಅದರ ಮುಂದೆ ಕೂತರೆ ಮೊಣಕಾಲು ಕೆಂಡ, ಬೆನ್ನು ಮಂಜುಗಡ್ಡೆ. ಕರೆಂಟಿನ ಬಿಲ್ಲು ಬಂದ ದಿನ ಮಾತ್ರ ಟೈಲರಣ್ಣನಿಗೆ ಹಿಂದೂ ಮುಂದೂ ಒಟ್ಟಿಗೆ ಬೆವರು ಕಿತ್ತುಕೊಂಡಿತು. ಮರುದಿನವೇ ಹೀಟರನ್ನು ಮಾರಿ ನಿಟ್ಟುಸಿರುಬಿಟ್ಟಿದ್ದ.

ಈಗ ಇವನಿಗೆ ಇಷ್ಟು ರೋಷ ಬರಲು ಕಾರಣ ಅವನ ಅತ್ತೆ. ಅಂದರೆ ಹೆಂಡತಿಯ ತಾಯಿ.

ಲೋಕದ ಅಳಿಯಂದಿರೆಲ್ಲ ಅತ್ತೆ ಯಾವಾಗ ಹೊರಟಾಳು ಎಂದು ಕಾಯುವಾಗ, ಟೈಲರಣ್ಣ ಅತ್ತೆ ಎಲ್ಲಿ ಹೊರಟುಬಿಡುತ್ತಾಳೋ ಎಂದು ಹೆದರುತ್ತಿದ್ದ. ಕೋಟಿಗೆ ಕೈಯಲ್ಲಿ ಕಾಜ ಹಾಕುವುದರಲ್ಲಿ ಆ ಮುದುಕಿಯನ್ನು ಮೀರಿಸುವವರಿರಲಿಲ್ಲ. ಗುಂಡಿ ಹೋಗುವ ಆ ಪುಟ್ಟ ತೂತಿನ ಸುತ್ತ ಅವಳು ದಾರ ಸುತ್ತಿದರೆ, ಕೋಟು ಹರಿದರೂ ಕಾಜ ಹರಿಯುತ್ತಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಗಂಡ ಹೆಂಡತಿ ಜಗಳದಲ್ಲಿ ಅಳಿಯನ ಕಡೆಗೆ ಸಾಕ್ಷಿ ಹೇಳುವ ಅತ್ತೆಯನ್ನು ಭಗವಂತ ಎಷ್ಟು ಮಂದಿಗೆ ಕೊಟ್ಟಿದ್ದಾನೆ? ಇಂಥ ಅತ್ತೆಗೆ ಈ ಚಳಿಯಲ್ಲಿ ಕೆಮ್ಮು ಹತ್ತಿಕೊಂಡಿತ್ತು. ಬೆರಳು ಸೆಟೆದುಕೊಂಡು ಸೂಜಿ ಜಾರುತ್ತಿತ್ತು. ಸುದ್ದಿ ತಿಳಿದು ಅವಳ ಮಗ, ಅಂದರೆ ಟೈಲರಣ್ಣನ ಭಾವಮೈದ, ಕಾರಿನಲ್ಲಿ ಧಾವಿಸಿ ಬಂದಿದ್ದ.

"ಭಾವ, ತಪ್ಪು ತಿಳ್ಕೋಬೇಡಿ. ಇದು ಮನೆಯೋ, ಬಾಗಿಲಿರೋ ಬಯಲೋ? ನಮ್ಮನೇಲಿ ಹೀಟರ್ ಇದೆ. ಭಾನುವಾರ ಬರ್ತೀನಿ. ಅಷ್ಟರಲ್ಲಿ ಇಲ್ಲಿ ಬೆಚ್ಚಗಾಗದಿದ್ರೆ ಅಮ್ಮನ್ನ ಕರ್ಕೊಂಡು ಹೊರಟೇಬಿಡ್ತೀನಿ."

ಅವನು ಹೋದ ಮೇಲೆ ಅತ್ತೆ ಮೆಲ್ಲಗೆ ಹೇಳಿದ್ದಳು: "ಅಳಿಯಂದಿರೇ, ಅಲ್ಲಿ ನನ್ನ ಕೈಗೆ ಸೂಜಿ ಕೊಡೋದಿಲ್ಲ. ಟೀವಿ ಮುಂದೆ ಕೂರಿಸಿ ರಿಮೋಟು ಕೊಡ್ತಾರೆ. ಅದನ್ನ ಇಟ್ಕೊಂಡು ನಾನೇನು ಕಾಜ ಹಾಕ್ಲಾ?"

ಆ ಮಾತಿಗೇ ಟೈಲರಣ್ಣ ಸ್ಟೂಲು ಹತ್ತಿದ್ದು.

"ಬಿಸಿ ಅನ್ನೋದು ಕೊಂಡು ತರೋ ಸಾಮಾನಲ್ಲ ಕಣೇ," ಎಂದು ಅವನು ಹೆಂಡತಿಗೆ ಪಾಠ ಶುರು ಮಾಡಿದ. "ಇರೋದನ್ನ ಉಳಿಸ್ಕೋಬೇಕು. ಕೋಟಿನೊಳಗೆ ಬೆಂಕಿ ಇರುತ್ತಾ? ಇಲ್ಲ! ಮೈಯ ಬಿಸಿ ಮೈಯಲ್ಲೇ ನಿಲ್ಲೋ ಹಾಗೆ ಅದು ತಡೆಯುತ್ತೆ, ಅಷ್ಟೆ. ಊರಿಗೆಲ್ಲ ಕೋಟು ಹೊಲಿಯೋನು ನಾನು. ನನ್ನ ಮನೆಗೊಂದು ಕೋಟು ಹೊಲಿಯೋಕಾಗಲ್ವಾ?"

"ತೋಳು ಫುಲ್ಲಾ, ಹಾಫಾ?" ಎಂದು ಕೇಳಿದಳು ಹೆಂಡತಿ.

ಆದರೆ ಮಹಾಕಾರ್ಯ ಕೈಗೊಂಡವನಿಗೆ ಇಂಥ ಚುಚ್ಚುಮಾತು ನಾಟುವುದಿಲ್ಲ. ಟೈಲರಣ್ಣ ಆಗಲೇ ಕಿಟಕಿಯ ಅಳತೆಗೆ ತೊಡಗಿದ್ದ. ಅಭ್ಯಾಸಬಲ ನೋಡಿ! ಕಿಟಕಿಗೆ ಟೇಪು ಹಿಡಿದು, "ಸ್ವಲ್ಪ ನೆಟ್ಟಗೆ ನಿಂತ್ಕೊಳ್ಳಿ" ಎಂದುಬಿಟ್ಟ. ಬಾಗಿಲಿನ ಭುಜ ಅಳೆದ, ಎದೆ ಅಳೆದ, ಸೊಂಟ ಅಳೆದ. ಮರ ಉಬ್ಬಿದರೆ ಬಿಗಿಯಾದೀತೆಂದು ಬೆರಳಗಲ ಸಡಿಲ ಬಿಟ್ಟು ಬರೆದುಕೊಂಡ. ಬಚ್ಚಲಿನ ಗವಾಕ್ಷಿಯನ್ನು ನೋಡಿ, "ಇದು ಗಿಡ್ಡ, ಆದ್ರೆ ಮೈಕಟ್ಟು ಒಳ್ಳೇದು," ಎಂದು ಮೆಚ್ಚಿಕೊಂಡ.

ಅಳತೆಯೇನೋ ಆಯಿತು. ಉಣ್ಣೆ ಬಟ್ಟೆ ಎಲ್ಲಿಂದ ತರುವುದು? ಅದಕ್ಕೂ ಅವನ ಬಳಿ ಉಪಾಯವಿತ್ತು. ಯಾವುದೇ ಟೈಲರ ಅಂಗಡಿಯ ಬೀರು ತೆಗೆದು ನೋಡಿ, ಹೊಲಿಸಿಕೊಂಡು ಒಯ್ಯದೇ ಬಿಟ್ಟವರ ಬಟ್ಟೆಗಳು ನೇತಾಡುತ್ತಿರುತ್ತವೆ. ಟೈಲರಣ್ಣನ ಬೀರುವಿನಲ್ಲೂ ಮೇಷ್ಟ್ರೊಬ್ಬರ ದಪ್ಪ ಚೌಕುಳಿ ಕೋಟಿತ್ತು. ಮದುವೆ ಮುರಿದುಹೋದ ಹುಡುಗನೊಬ್ಬನ ಕಪ್ಪು ಸೂಟಿತ್ತು. ಮದುವೆ ಮೆರವಣಿಗೆಯಲ್ಲಿ ತುತ್ತೂರಿ ಊದುವ ಬ್ಯಾಂಡಿನವನ ಕೆಂಪು ಕೋಟೂ ಇತ್ತು, ಭುಜದ ಮೇಲೆ ಚಿನ್ನದ ಬಣ್ಣದ ಜಾಲರಿಯ ಸಮೇತ.

"ಅವರೆಲ್ಲ ಬಂದು ಕೇಳಿದ್ರೆ?" ಎಂದಳು ಹೆಂಡತಿ.

"ಬರೋರಾಗಿದ್ರೆ ಇಷ್ಟು ಹೊತ್ತಿಗೆ ಬರ್ತಿದ್ರು. ಅವರಿಗೆ ಕೋಟಿನ ನೆನಪೇ ಇಲ್ಲ. ನಾನೇನು ಕತ್ತರಿ ಹಾಕ್ತೀನಾ? ಹೊಲಿಗೆ ಬಿಚ್ಚಿ, ಬೆನ್ನಿಗೆ ಬೆನ್ನು, ಎದೆಗೆ ಎದೆ ಸೇರಿಸ್ತೀನಿ. ಬೇಸಿಗೆಗೆ ಮತ್ತೆ ಬಿಚ್ಚಿ ಮೊದಲಿನ ಹಾಗೇ ಮಾಡಿಟ್ರಾಯ್ತು."

ಚಳಿ ತನ್ನೊಬ್ಬನ ಮನೆಗೇ ಬಂದಿದೆ ಎಂದುಕೊಂಡದ್ದೇ ಅವನ ತಪ್ಪು. ಆದರೆ ಅದು ತಿಳಿಯಲು ಭಾನುವಾರವೇ ಬರಬೇಕಾಯಿತು.

ಅಳಿಯ ಮಿಷನ್ನು ತುಳಿದ, ಅತ್ತೆ ಕಾಜ ಹಾಕಿದಳು. ಮೇಷ್ಟ್ರ ಚೌಕುಳಿ ಕೋಟು ಕಿಟಕಿಯಾಯಿತು. ಬ್ಯಾಂಡಿನ ಕೆಂಪು ಕೋಟು ಗವಾಕ್ಷಿಗೆ ಸೇರಿತು. ಮುರಿದ ಮದುವೆಯ ಕಪ್ಪು ಸೂಟು ಬೀದಿ ಬಾಗಿಲಿಗೆ ಒಳಗವಚವಾಯಿತು, ಅದೂ ಡಬಲ್ ಬ್ರೆಸ್ಟು! ಎರಡು ಸಾಲು ಗುಂಡಿ, ಮೇಲೆ ಕಾಲರು, ಎದೆಯ ಮೇಲೊಂದು ಜೇಬು. ಆ ಜೇಬಿನಲ್ಲಿ ಅತ್ತೆ ತನ್ನ ಕನ್ನಡಕ ಇಡತೊಡಗಿದಳು. ಸೂಟಿನಲ್ಲಿ ಉಳಿದ ಎರಡು ತೋಳಿನೊಳಗೆ ಮರದ ಹೊಟ್ಟು ತುಂಬಿ, ಬಾಯಿ ಹೊಲಿದು, ಬಾಗಿಲ ಕೆಳಗಿನ ಸಂದಿಗೆ ಇಟ್ಟದ್ದಾಯಿತು.

ದೇವರ ದಯೆ, ಗಾಳಿ ನಿಂತಿತು! ಅತ್ತೆ ಕಿಟಕಿಯ ಹತ್ತಿರ ಅಂಗೈ ಹಿಡಿದು ನೋಡಿ, "ಅಳಿಯಂದಿರೇ, ಒಂದು ಎಳೆ ಗಾಳಿ ಇಲ್ಲ," ಎಂದಳು. ಅವಳ ಕೆಮ್ಮೂ ಇಳಿಯಿತು. ಟೈಲರಣ್ಣನ ಎದೆ ಎರಡು ಇಂಚು ಉಬ್ಬಿತು.

ಆದರೆ ಮನೆಯಿಂದ ಹೊರಗೆ ಹೋಗುವುದೊಂದು ಯಾತ್ರೆಯೇ ಆಯಿತು. ಯಾರಾದರೂ ಬಾಗಿಲು ಬಡಿದರೆ ಒಳಗಿನಿಂದ, "ಬಂದೆ! ಕಾಲರ್ ಬಿಚ್ಚಿದ್ದೀನಿ, ಇನ್ನು ಹೊಟ್ಟೆ ಗುಂಡಿ ಮಾತ್ರ!" ಎಂದು ಹೆಂಡತಿ ಕೂಗಬೇಕು. ಹಾಲಿನವನು ಈ ಕೂಗು ಕೇಳಿ ಗಾಬರಿಯಾಗಿ, ಹಾಲಿನ ಪಾತ್ರೆ ಹೊಸ್ತಿಲಲ್ಲಿಟ್ಟು ಓಟ ಕಿತ್ತ. ಮರುದಿನದಿಂದ ಅವನು ಬೀದಿಯ ಆ ಬದಿಯಿಂದಲೇ ಗಂಟೆ ಬಾರಿಸತೊಡಗಿದ.

"ಯಾರ ಮನೇಲಾದ್ರೂ ಬಾಗಿಲಿಗೆ ಗುಂಡಿ ಹಾಕೋದುಂಟೇನ್ರೀ? ನನ್ನ ಮಾನ ಹೋಯ್ತು!"

"ಮಾನ ಹೋಗಬಾರದು ಅಂತಾನೇ ಗುಂಡಿ ಹಾಕೋದು ಕಣೇ!"

ಅಂತೂ ಭಾನುವಾರ ಬಂತು. ಭಾವಮೈದನೂ ಬಂದ. ಹೆಂಡತಿ ಗುಂಡಿ ಬಿಚ್ಚಿ ಮುಗಿಸುವಷ್ಟರಲ್ಲಿ ಹೊರಗೆ ಅವನ ಮೂಗು ಕೆಂಪಾಗಿತ್ತು. ಒಳಗೆ ಬಂದು, ಕೋಟು ಮಫ್ಲರುಗಳ ಸಮೇತ ಕುರ್ಚಿಯಲ್ಲಿ ಕೂತು, ಕಿಟಕಿ ನೋಡಿದ, ಬಾಗಿಲು ನೋಡಿದ. ನೆಲಕ್ಕೆ ಅಂಗೈ ಒತ್ತಿ ಪರೀಕ್ಷೆ ಮಾಡಿದ. ಟೈಲರಣ್ಣ ಫಲಿತಾಂಶಕ್ಕೆ ಕಾದ ವಿದ್ಯಾರ್ಥಿಯಂತೆ ಉಸಿರು ಬಿಗಿಹಿಡಿದ.

"ಪರವಾಗಿಲ್ಲ ಭಾವ," ಎಂದ ಭಾವಮೈದ, ಒಲ್ಲದ ಮನಸ್ಸಿನಿಂದ. "ಒಂದು ಗಂಟೆ ಕೂತು ನೋಡ್ತೀನಿ. ಇದೇ ಥರ ಇದ್ರೆ..."

ಬಾಗಿಲು ಬಡಿದ ಸದ್ದಾಯಿತು. ಹೆಂಡತಿ ಮತ್ತೆ ಗುಂಡಿ ಬಿಚ್ಚಿದಳು. ಮೇಷ್ಟ್ರು!

"ಅಂಗಡಿ ಮುಚ್ಚಿತ್ತು, ಅದಕ್ಕೇ ಮನೆಗೇ ಬಂದೆ. ಏನು ಚಳಿ ಮಾರಾಯ! ನನ್ನದೊಂದು ಕೋಟು ನಿಮ್ಮಲ್ಲೇ ಉಳಿದಿತ್ತು, ಇವತ್ತು ಬೆಳಿಗ್ಗೆ ಥಟ್ಟನೆ ನೆನಪಾಯ್ತು."

ಟೈಲರಣ್ಣ ಗಡಿಬಿಡಿಯಲ್ಲಿ ಸ್ಟೂಲು ಎಳೆದ. "ಕೋಟಾ? ಹುಡುಕಬೇಕು ಮೇಷ್ಟ್ರೇ. ಕೂತ್ಕೊಳ್ಳಿ. ಅಲ್ಲಲ್ಲ, ಈ ಕಡೆ, ಗೋಡೆ ನೋಡ್ಕೊಂಡು ಕೂತ್ಕೊಳ್ಳಿ."

ಆದರೆ ಮೇಷ್ಟ್ರು ಜನ್ಮವೆಲ್ಲ ತರಗತಿ ಕಾದವರು. ಬೆನ್ನ ಹಿಂದೆ ಏನೋ ನಡೆಯುತ್ತಿದೆ ಎಂದರೆ ತಿರುಗಿ ನೋಡದೆ ಬಿಡುತ್ತಾರೆಯೇ? ನೋಡಿದರು. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು.

"ಈ ಕಿಟಕಿಯನ್ನ ನಾನು ಎಲ್ಲೋ ನೋಡಿದ್ದೀನಲ್ಲ?"

"ಕಿಟಕಿಗಳೆಲ್ಲ ಒಂದೇ ಥರ ಇರ್ತಾವೆ ಮೇಷ್ಟ್ರೇ."

"ಎಲ್ಲಾ ಕಿಟಕಿಗೂ ಪೆನ್ನಿಡೋಕೆ ಜೇಬು ಇರೋದಿಲ್ಲ! ಆ ಜೇಬು ಇಷ್ಟೇ ಆಳ ಇರ್ಲಿ ಅಂತ ನಾನೇ ಪೆನ್ನು ಕೊಟ್ಟು ಹೊಲಿಸಿದ್ದು!"

ಮೇಷ್ಟ್ರ ಧ್ವನಿ ಏರುವಷ್ಟರಲ್ಲಿ ಮತ್ತೆ ಬಾಗಿಲು ಬಡಿಯಿತು. ಈ ಸಲ ಬ್ಯಾಂಡಿನ ತುತ್ತೂರಿಯವನು ಮತ್ತು ಮದುವೆ ಮುರಿದ ಹುಡುಗ, ಇಬ್ಬರೂ ಒಟ್ಟಿಗೆ! ಮುರಿದದ್ದು ಮತ್ತೆ ಕೂಡಿತ್ತು. ಸಂಜೆಯೇ ಮದುವೆ. ಮದುವೆಗೆ ಇದೇ ಬ್ಯಾಂಡು.

"ಟೈಲರಣ್ಣ, ನನ್ನ ಸೂಟು!" ಎಂದ ಮದುಮಗ, ಬಾಗಿಲಲ್ಲೇ ನಿಂತು.

ಟೈಲರಣ್ಣ ಕೊರಳಿನ ಟೇಪು ಸುತ್ತತೊಡಗಿದ. ಅತ್ತೆ ಮಾತ್ರ ಸುಳ್ಳು ಹೇಳಲಾರದೆ, "ಒಳಗೆ ಬಾಪ್ಪ," ಎಂದಳು. "ಅದನ್ನೇ ಹಿಡ್ಕೊಂಡು ನಿಂತಿದ್ದೀಯ."

ಮದುಮಗ ತನ್ನ ಕೈಯಲ್ಲಿದ್ದ ಬಾಗಿಲ ಪರದೆಯನ್ನು ನೋಡಿದ. ಎರಡು ಸಾಲು ಗುಂಡಿ ನೋಡಿದ. ಮುಖ ಬಿಳಿಚಿಕೊಂಡಿತು. "ತೋಳೆಲ್ಲಿ?"

"ಅವನ್ನ ತುಳ್ಕೊಂಡು ನಿಂತಿದ್ದೀಯ."

ಅಷ್ಟರಲ್ಲಿ ಬಚ್ಚಲ ಕಡೆಗೆ ಕೈ ತೊಳೆಯಲು ಹೋಗಿದ್ದ ತುತ್ತೂರಿಯವನು ಅಲ್ಲಿಂದಲೇ ಕಿರುಚಿದ. ಗವಾಕ್ಷಿಯ ಎರಡೂ ಬದಿ ಚಿನ್ನದ ಜಾಲರಿ ಜೋಲಾಡುತ್ತಾ ಅವನಿಗೆ ಸಲಾಮು ಹೊಡೆಯುತ್ತಿತ್ತು!

ಮುಂದೆ ನಡೆದ ಮಾತುಕತೆಯನ್ನು ಬರೆಯಲು ನನಗೆ ನಾಲಿಗೆಯೂ ಇಲ್ಲ, ಲೇಖನಿಯೂ ಇಲ್ಲ. ಟೈಲರಣ್ಣನ ವಂಶದ ಹಿಂದಿನವರನ್ನೆಲ್ಲ ನೆನೆದದ್ದಾಯಿತು ಎಂದಿಷ್ಟೇ ತಿಳಿದುಕೊಳ್ಳಿ. ಕೊನೆಗೆ ಮೇಷ್ಟ್ರು ಕಿಟಕಿಯನ್ನು ಕಿತ್ತರು. ತುತ್ತೂರಿಯವನು ಗವಾಕ್ಷಿಯನ್ನು ಕಿತ್ತ. ಮದುಮಗ ಬಾಗಿಲನ್ನು ಬೆತ್ತಲು ಮಾಡಿದ. ಹೊರಗೆ ವಾರದಿಂದ ಸರದಿ ನಿಂತಿದ್ದ ಗಾಳಿ ಒಮ್ಮೆಲೇ ಒಳನುಗ್ಗಿತು. ಅತ್ತೆಗೆ ಕೆಮ್ಮು ಮರುಕಳಿಸಿತು.

ಭಾವಮೈದ ಎದ್ದು ನಿಂತ. "ಸಾಕು ಭಾವ. ಅಮ್ಮಾ, ಬಟ್ಟೆ ತುಂಬ್ಕೋ. ಹೊರಡೋಣ."

ಟೈಲರಣ್ಣ ತಲೆ ತಗ್ಗಿಸಿದ. ಅವನ ಕೊರಳಿನ ಟೇಪು ಸಹ ಸೋತು ನೇತಾಡಿತು. ದೇವರೇ, ಇದೊಂದು ಸಲ ಅತ್ತೆಯನ್ನು ಉಳಿಸಿಕೊಡು ಎಂದು ಮನಸ್ಸಿನಲ್ಲೇ ಬೇಡಿಕೊಂಡ.

ಅತ್ತೆ ಎದ್ದಳು. ಆದರೆ ಪೆಟ್ಟಿಗೆಯ ಕಡೆಗಲ್ಲ, ಸೂಜಿಯ ಡಬ್ಬಿಯ ಕಡೆಗೆ ನಡೆದಳು.

"ಮದುಮಗನ್ನ ಬನಿಯನ್ನಲ್ಲಿ ಕಳಿಸೋಕಾಗುತ್ತೇನೋ? ಇದು ಮುಗೀಲಿ, ಆಮೇಲೆ ಹೊರಡ್ತೀನಿ. ನೀನೇನು ನೋಡ್ತಾ ನಿಂತಿದ್ದೀಯ? ಇಸ್ತ್ರಿ ಪೆಟ್ಟಿಗೆ ಬಿಸಿ ಮಾಡು!"

ಮಗನಾದವನು ಎಷ್ಟೇ ಕಾರಿನವನಾದರೂ ಆ ಧ್ವನಿಗೆ ಮಣಿಯಲೇಬೇಕು. ಅವನು ಇಸ್ತ್ರಿಗೆ ನಿಂತ. ಟೈಲರಣ್ಣ ಮಿಷನ್ನು ತುಳಿದ. ಮೇಷ್ಟ್ರು ತಪ್ಪು ಹೊಲಿಗೆ ಬಿಚ್ಚಲು ಕೂತು, ಪ್ರತಿ ಹೊಲಿಗೆಗೂ ಕೆಂಪು ಗೆರೆ ಎಳೆಯುವವರಂತೆ ಲೊಚಗುಟ್ಟಿದರು. ತೋಳಿನಿಂದ ಸುರಿದ ಮರದ ಹೊಟ್ಟನ್ನು ಹೆಂಡತಿ ಗುಡಿಸಿದಳು. ಅಷ್ಟರಲ್ಲಿ ಮದುಮಗನನ್ನು ಹುಡುಕಿಕೊಂಡು ಅವನ ಮಾವಂದಿರು, ಚಿಕ್ಕಪ್ಪಂದಿರು ಬಂದರು. ಹುಡುಗ ಮತ್ತೆ ಓಡಿಹೋದನೇನೋ ಎಂದು ಹೆಣ್ಣಿನ ಕಡೆಯವರೂ ಬಂದರು. ತುತ್ತೂರಿಯವನನ್ನು ಹುಡುಕಿಕೊಂಡು ಇಡೀ ಬ್ಯಾಂಡೇ ಬಂತು, ದೊಡ್ಡ ಡೋಲಿನ ಸಮೇತ! ನಿಲ್ಲಲು ಜಾಗವಿಲ್ಲದೆ ಡೋಲನ್ನು ಕಿಟಕಿಗೆ ಅಡ್ಡ ಇಟ್ಟರು. ಎರಡೂ ಕಡೆಯ ಹಿರಿಯರು ಬಾಗಿಲಿಗೆ ಬೆನ್ನು ಕೊಟ್ಟು, ಹಳೆಯ ಜಗಳವನ್ನು ಮೊದಲಿಂದ ಶುರು ಮಾಡಿದರು.

"ಮೊದಲು ಮದುವೆ ಮುರಿದಿದ್ದು ನೀವು!"

"ನಾವಾ? ಊಟ ಸರಿ ಇಲ್ಲ ಅಂತ ಎದ್ದು ಹೋಗಿದ್ದು ಯಾರು?"

ಮಿಷನ್ನಿನ ಗಡಗಡ, ಇಸ್ತ್ರಿಯ ಹಬೆ, ಒಲೆಯ ಮೇಲೆ ಇಷ್ಟು ಜನಕ್ಕೂ ಇಟ್ಟ ಕಾಫಿ, ಬೀಗರ ಬಿಸಿಬಿಸಿ ಉಸಿರು! ಮೊದಲು ಮೇಷ್ಟ್ರು ಮಫ್ಲರು ಬಿಚ್ಚಿದರು. ಆಮೇಲೆ ಭಾವಮೈದ ಕೋಟು ಕಳಚಿದ, ಸ್ವೆಟರು ಕಳಚಿದ, ತೋಳು ಮಡಚಿದ. ಅತ್ತೆ ಶಾಲು ತೆಗೆದು ಪಕ್ಕಕ್ಕಿಟ್ಟು, ಸೆರಗಿನಿಂದ ಗಾಳಿ ಹಾಕಿಕೊಂಡಳು. ಅವಳ ಬೆರಳು ಎಳೆಯ ಹುಡುಗಿಯ ಬೆರಳಿನಂತೆ ಓಡುತ್ತಿತ್ತು. ಕೆಮ್ಮು ಎಲ್ಲಿ ಹೋಯಿತೋ!

ಗಡಿಬಿಡಿಯಲ್ಲಿ ಒಂದು ಎಡವಟ್ಟು ನಡೆದೇ ಹೋಯಿತು. ಬ್ಯಾಂಡಿನ ಕೆಂಪು ಕೋಟಿಗೆ ಮೇಷ್ಟ್ರ ಚೌಕುಳಿ ತೋಳು ಒಂದು ಕೂತುಬಿಟ್ಟಿತು. ಮೇಷ್ಟ್ರಿಗೆ ಜಾಲರಿ ಸಮೇತ ಕೆಂಪು ತೋಳು. ಮತ್ತೆ ಬಿಚ್ಚಲು ಹೊತ್ತಿರಲಿಲ್ಲ.

"ತುತ್ತೂರಿ ಊದುವಾಗ ಎಲ್ಲರೂ ಕೆನ್ನೆ ನೋಡ್ತಾರೆ, ತೋಳನ್ನಲ್ಲ," ಎಂದು ಅತ್ತೆ ತೀರ್ಪು ಕೊಟ್ಟಳು. "ಮೇಷ್ಟ್ರೇ, ನೀವು ಆ ಕೈಯಲ್ಲಿ ಬೋರ್ಡಿನ ಮೇಲೆ ಬರೀರಿ. ಕೊನೇ ಬೆಂಚಿನ ಮಕ್ಕಳೂ ಕಣ್ಣು ಮುಚ್ಚೋದಿಲ್ಲ."

ಮದುಮಗ ಸೂಟು ತೊಟ್ಟು ನಿಂತಾಗ ಎರಡೂ ಕಡೆಯವರ ಬಾಯಿ ತಾನಾಗಿ ಮುಚ್ಚಿತು. ಅಷ್ಟು ಚೆಂದ ಕೂತಿತ್ತು. ಎದೆಯ ಜೇಬಿನಲ್ಲಿ ಅತ್ತೆಯ ಕನ್ನಡಕ ಉಳಿದಿದ್ದನ್ನು ಹೆಂಡತಿ ಹೊಸ್ತಿಲವರೆಗೆ ಓಡಿಹೋಗಿ ಈಸಿಕೊಂಡು ಬಂದಳು. ಬ್ಯಾಂಡು ಬಾರಿಸುತ್ತಲೇ ದಿಬ್ಬಣ ಹೊರಟಿತು. ಹಿಂದೆಯೇ ಮೇಷ್ಟ್ರೂ ಹೊರಟರು, ಒಂದು ಭುಜದಲ್ಲಿ ಜಾಲರಿ ಕುಣಿಸುತ್ತಾ.

ಭಾವಮೈದ ಹಣೆಯ ಬೆವರು ಒರೆಸಿಕೊಂಡ. "ಒಪ್ಪಿದೆ ಭಾವ! ಕಿಟಕಿಗೆ ಏನೂ ಇಲ್ಲ, ಬಾಗಿಲಿಗೆ ಏನೂ ಇಲ್ಲ, ಆದ್ರೂ ಮನೆ ಒಳ್ಳೇ ಒಲೆ ಥರ ಇದೆ. ಅಮ್ಮ ಇಲ್ಲೇ ಇರ್ಲಿ." ಎಂದು ಸ್ವೆಟರನ್ನು ಹೆಗಲ ಮೇಲೆ ಹಾಕಿಕೊಂಡು ಕಾರು ಹತ್ತಿ ಹೊರಟೇಹೋದ.

"ನೋಡಿದೆಯೇನೇ!" ಎಂದು ಟೈಲರಣ್ಣ ಹೆಂಡತಿಯ ಕಡೆ ತಿರುಗಿ ಮೀಸೆ ತಿರುವಿದ. ಆದರೆ ಆ ಮೀಸೆ ತಿರುವಿ ಮುಗಿಯುವ ಮೊದಲೇ ತಣ್ಣಗಾಯಿತು. ದಿಬ್ಬಣದ ಜೊತೆಗೆ ಮನೆಯ ಬಿಸಿಯೂ ಬೀದಿಗಿಳಿದಿತ್ತು. ಅತ್ತೆ ಶಾಲು ಹೊದ್ದಳು. ಹೆಂಡತಿ ಒಲೆಯ ಮುಂದೆ ಕೂತಳು. ಟೈಲರಣ್ಣ ಎರಡು ಸ್ವೆಟರಿನ ಮೇಲೆ ಕಂಬಳಿ ಎಳೆದುಕೊಂಡ.

ದೀಪ ಹಚ್ಚುವ ಹೊತ್ತಿಗೆ ಬೀದಿಯಲ್ಲಿ ಮತ್ತೆ ಅದೇ ಕಾರಿನ ಹಾರನ್ನು! ಮನಸ್ಸು ಬದಲಿಸಿ ಅತ್ತೆಯನ್ನು ಒಯ್ಯಲು ಬಂದನೆಂದು ಟೈಲರಣ್ಣ ಎದೆ ಹಿಡಿದುಕೊಂಡು ಬಾಗಿಲಿಗೆ ಓಡಿದ. ಕಾರಿನಿಂದ ಭಾವಮೈದ ಇಳಿದ. ಅವನ ಹೆಂಡತಿ ಇಳಿದಳು. ಮಕ್ಕಳು ಇಳಿದವು. ಹಾಸಿಗೆ, ದಿಂಬು, ರಜಾಯಿಗಳು ಇಳಿದವು.

"ನಿಮ್ಮಲ್ಲಿ ಮುಚ್ಚುಮರೆ ಏನು ಭಾವ," ಎಂದ ಭಾವಮೈದ, ಹಾಸಿಗೆಯ ಸುರುಳಿಯ ಹಿಂದಿನಿಂದ. "ನಮ್ಮನೇಲಿ ಹೀಟರ್ ಇದೆ, ಆದ್ರೆ ಹಚ್ಚೋದಿಲ್ಲ. ಬಿಲ್ಲು ನೋಡಿದ್ರೆ ಜೀವ ಹೋಗುತ್ತೆ. ಅಮ್ಮ ಬಂದ್ರೆ ಹಚ್ಚೋಣ ಅಂತಿದ್ದೆ. ಈಗ ಅಮ್ಮ ಇಲ್ಲೇ ಇರ್ತಾರಲ್ಲ, ಇಲ್ಲಿ ಹೇಗೂ ಬೆಚ್ಚಗಿದೆ. ಚಳಿ ಮುಗಿಯೋವರೆಗೆ ನಾವೂ ಇಲ್ಲೇ ಇದ್ಬಿಡ್ತೀವಿ!"

ಬೇಡಿದ್ದಕ್ಕಿಂತ ಹೆಚ್ಚು ಕೊಡುವುದು ದೇವರಿಗೆ ಮೊದಲಿನಿಂದಲೂ ಅಭ್ಯಾಸ. ಟೈಲರಣ್ಣ ಒಬ್ಬಳನ್ನು ಬೇಡಿದ್ದ, ಅವನು ಒಂದು ಕಾರು ತುಂಬ ಕೊಟ್ಟ!

ಹಜಾರದ ತುಂಬ ಹಾಸಿಗೆ ಬಿದ್ದವು. ನಟ್ಟನಡುವೆ ಅತ್ತೆ, ಅವಳ ಎರಡೂ ಬದಿ ಮೊಮ್ಮಕ್ಕಳು, ಆಚೆ ಸೊಸೆ, ಈಚೆ ಮಗಳು, ಕಾಲ ಕಡೆ ಮಗ. ನಿಜ ಹೇಳಬೇಕೆಂದರೆ ಆ ಗುಂಪಿನೊಳಗೆ ಚಳಿಗೆ ಕಾಲಿಡಲು ತಾವಿರಲಿಲ್ಲ. ಟೈಲರಣ್ಣನಿಗೂ ತಾವಿರಲಿಲ್ಲ. ಅವನು ಕಂಬಳಿ ಹಿಡಿದುಕೊಂಡು ಆ ಮೂಲೆಯಿಂದ ಈ ಮೂಲೆಗೆ ಜಾಗ ಹುಡುಕುತ್ತಾ ಅಲೆದಾಡಿದ.

"ರೀ," ಎಂದಳು ಹೆಂಡತಿ, ರಜಾಯಿಯೊಳಗಿನಿಂದ ಮೂಗು ಮಾತ್ರ ಹೊರಹಾಕಿ, "ಬಾಗಿಲ ಕೆಳಗಿಂದ ಮಕ್ಕಳಿಗೆ ಗಾಳಿ ಹೊಡೀತಿದೆ. ಅಲ್ಲೇ ಹೊಸ್ತಿಲಿಗೆ ಅಡ್ಡ ಒರಗಿಬಿಡಿ."

ಟೈಲರಣ್ಣ ಒರಗಿದ. ಬೆನ್ನು ಸಂದಿಗೆ ಒತ್ತಿಕೊಂಡ. ಗಾಳಿ ಟಕ್ಕನೆ ನಿಂತಿತು.

ಅತ್ತೆ ತಲೆಯೆತ್ತಿ ಅಳಿಯನನ್ನು ಮೇಲಿಂದ ಕೆಳಗೆ ಮೆಚ್ಚುಗೆಯಿಂದ ನೋಡಿದಳು.

"ಈಗ ನೋಡಿ ಅಳಿಯಂದಿರೇ, ಅಳತೆ ಸರಿಯಾಗಿ ಕೂತಿದೆ. ಇದನ್ನ ವಾಪಸ್ಸು ಕೊಡಿ ಅಂತ ಕೇಳೋಕೆ ಯಾರೂ ಬರೋದಿಲ್ಲ."